ಓಟು ಕೇಳಿದ ಕುಡುಗೋಲು

ಪ್ರೀತಿಯ ಡ್ರಾಯಿಂಗ್ ಮೇಷ್ಟ್ರೇ,

ನಿಮ್ಮ ಇನ್‌ಲ್ಯಾಂಡ್ ಕಾಗದ ಬಂತು. ಮಡಿಚುವ ಅಂಚಿನಲ್ಲೂ ಜಾಗ ಬಿಡದೆ ಬರೆಯುವ ನಿಮ್ಮ ಅಭ್ಯಾಸ ಇನ್ನೂ ಹೋಗಿಲ್ಲ. ಒಂದೆರಡು ಪದ ಗೋಂದಿಗೆ ಅಂಟಿಕೊಂಡು ಹರಿದವು, ಆದರೂ ವಿಷಯ ತಿಳಿಯಿತು. ಬಸ್‌ಸ್ಟ್ಯಾಂಡಿನ ಪಕ್ಕದ ಗೋಡೆಯಲ್ಲಿ ಹಳೇ ಚುನಾವಣೆಯ ಸುತ್ತಿಗೆ ಕುಡುಗೋಲು ಮಾಸಿಕೊಂಡು ಉಳಿದಿರುವುದನ್ನು ಕಂಡು ಮೊಮ್ಮಗಳು ‘ಇದನ್ನ ಮೊದಲು ಬರೆದೋರು ಯಾರು ತಾತ?’ ಎಂದಳಂತೆ. ಯಾವ ಪಕ್ಷದ್ದು ಅಂತ ಕೇಳದೆ, ಬರೆದವರು ಯಾರು ಅಂತ ಕೇಳಿದ್ದಾಳೆ ನೋಡಿ, ನಿಮ್ಮ ಮೊಮ್ಮಗಳೇ ಸೈ. ಅದರ ಜೊತೆಗೆ ನಿಮ್ಮದೊಂದು ಪ್ರಶ್ನೆಯನ್ನೂ ತೂರಿಸಿದ್ದೀರಿ: ಎಲ್ಲರೂ ಕಮ್ಯುನಿಸ್ಟರೇ ಆದಮೇಲೆ ಒಬ್ಬರಿಗೆ ತೆನೆ, ಇನ್ನೊಬ್ಬರಿಗೆ ನಕ್ಷತ್ರ ಯಾಕೆ?

ಬರೆದವರ ಹೆಸರು ಯೆವ್ಗೆನಿ ಕಾಮ್ಜೋಲ್ಕಿನ್. 1885ರಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ ಮಾಸ್ಕೋದ ಚಿತ್ರಗಾರ. ಪಕ್ಷದ ಸದಸ್ಯನೂ ಆಗಿರಲಿಲ್ಲವಂತೆ. ಅಕ್ಟೋಬರ್ ಕ್ರಾಂತಿಯಾಗಿ ಆರು ತಿಂಗಳಾಗಿತ್ತು. 1918ರ ಮೇ ದಿನಕ್ಕೆ ಮಾಸ್ಕೋ ನದಿಯ ದಕ್ಷಿಣದ ಜಾಮಸ್ಕ್ವರೇಚ್ಯೆ ಬಡಾವಣೆಯನ್ನು ಶೃಂಗರಿಸುವ ಕೆಲಸ ಅವನ ಪಾಲಿಗೆ ಬಂತು. ಅಲ್ಲಿನ ಸೆರ್ಪುಖೋವ್ಸ್ಕಾಯಾ ಚೌಕದ ಅಲಂಕಾರಕ್ಕೆಂದು ಅವನು ಒಂದು ಸುತ್ತಿಗೆಯನ್ನೂ ಒಂದು ಕುಡುಗೋಲನ್ನೂ ಅಡ್ಡಡ್ಡ ಇಟ್ಟು ಬರೆದ. ಈ ಜೋಡಿಯ ಮೊದಲ ಚಿತ್ರ ಅದೇ ಎಂದು ರಷ್ಯದಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮಲ್ಲಿ ಮಾರಿಹಬ್ಬಕ್ಕೆ ಸ್ವಾಗತ ಕಮಾನು ಬರೆಯುವವರ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಇವನದೂ ಹಾಗೇ ಆಯಿತು. ಚಿತ್ರ ಲೋಕವೆಲ್ಲ ಸುತ್ತಿತು, ಚಿತ್ರಗಾರನ ಹೆಸರು ಮಾಸ್ಕೋದಿಂದ ಆಚೆ ಹೆಚ್ಚು ದೂರ ಹೋಗಲಿಲ್ಲ.

ಆಗ ಈ ಜೋಡಿಗೆ ಪ್ರತಿಸ್ಪರ್ಧಿಗಳೂ ಇದ್ದವು. 1918ರಲ್ಲಿ ಕೆಂಪು ಸೇನೆಯ ಸಿಪಾಯಿಗಳು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೆಂಪು ನಕ್ಷತ್ರದ ನಡುವೆ ಇದ್ದದ್ದು ಸುತ್ತಿಗೆ ಮತ್ತು ನೇಗಿಲು. ಆ ನೇಗಿಲು ಕುಡುಗೋಲಿಗೆ ಬದಲಾದದ್ದು 1922ರಲ್ಲಿ. ಯಾಕೆ ಬದಲಾಯಿತು ಎಂಬುದಕ್ಕೆ ನನಗೆ ತೋರುವ ಕಾರಣ ನಿಮ್ಮ ಕಸುಬಿನದು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆಯಲ್ಲಿ ನೇಗಿಲನ್ನು ಬರೆದು ನೋಡಿ: ಈಸು, ಮೇಣಿ, ಗುಳ ಎಲ್ಲ ಕಲಸಿಕೊಂಡು ಅದೇನೆಂದೇ ತಿಳಿಯುವುದಿಲ್ಲ. ಕುಡುಗೋಲು ಒಂದೇ ಬಾಗಿನ ಗೆರೆ. ಸುತ್ತಿಗೆಯ ನೆಟ್ಟನೆ ಗೆರೆಯನ್ನು ಅದು ಬಳಸಿ ನಿಲ್ಲುತ್ತದೆ. ಐದನೇ ಕ್ಲಾಸಿನ ಹುಡುಗ ಸೀಮೆಸುಣ್ಣದಲ್ಲಿ ಗೀಚಿದರೂ, ರಾತ್ರಿ ಪೊಲೀಸರ ಕಣ್ಣು ತಪ್ಪಿಸಿ ಗೋಡೆಗೆ ಬಳಿದರೂ ಗುರುತು ಸಿಗುತ್ತದೆ. ಗೋಡೆಯ ಮೇಲೆ ಬದುಕಬೇಕಾದ ಚಿಹ್ನೆಗೆ ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕಿಲ್ಲ.

ಅರ್ಥ ನಿಮಗೆ ಗೊತ್ತಿರುವುದೇ. ಸುತ್ತಿಗೆ ಕಾರ್ಖಾನೆಯ ಕಾರ್ಮಿಕ, ಕುಡುಗೋಲು ರೈತ, ಇಬ್ಬರೂ ಒಂದು. ಆದರೆ ಈ ಒಗ್ಗಟ್ಟನ್ನು ಅಷ್ಟು ಒತ್ತಿ ಹೇಳಬೇಕಾಗಿ ಬಂದದ್ದು ಯಾಕೆ ಎಂಬುದರಲ್ಲಿ ಕತೆ ಇದೆ. ಮಾರ್ಕ್ಸ್ ನೆಚ್ಚಿಕೊಂಡದ್ದು ಕಾರ್ಖಾನೆಯ ಕಾರ್ಮಿಕರನ್ನು. ರಷ್ಯದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಹಳ್ಳಿಯವರು. 1917ರ ನವೆಂಬರಿನಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆದಾಗ ಹಳ್ಳಿಗಳು ಓಟು ಹಾಕಿದ್ದು ಹೆಚ್ಚಾಗಿ ಸಮಾಜವಾದಿ ಕ್ರಾಂತಿಕಾರಿಗಳೆಂಬ ಬೇರೆ ಪಕ್ಷಕ್ಕೆ. ಲೆನಿನ್ನರ ಬೋಲ್ಷೆವಿಕ್ ಪಕ್ಷಕ್ಕೆ ಬಂದದ್ದು ಸುಮಾರು ಕಾಲು ಭಾಗ. 1918ರ ಜನವರಿಯಲ್ಲಿ ಆ ಸಭೆ ಸೇರಿತು, ಒಂದೇ ಬೈಠಕ್ಕಿಗೆ ಅದನ್ನು ಮುಚ್ಚಿದರು. ಕಾಮ್ಜೋಲ್ಕಿನ್ ಸುತ್ತಿಗೆಯ ಪಕ್ಕಕ್ಕೆ ಕುಡುಗೋಲು ಇಟ್ಟದ್ದು ಅದಾದ ಮೇಲೆ. ಅವನ ಮನಸ್ಸಿನಲ್ಲಿ ಇದೆಲ್ಲ ಇತ್ತೆಂದು ಹೇಳುತ್ತಿಲ್ಲ. ಅವನಿಗೆ ಹಬ್ಬದ ಕೆಲಸ, ಅಷ್ಟೇ. ಆದರೆ ಅದನ್ನು ಎತ್ತಿಕೊಂಡ ಸರ್ಕಾರಕ್ಕೆ ರೈತ ತನ್ನ ಜೊತೆ ಇದ್ದಾನೆಂದು ತೋರಿಸುವ ಚಿತ್ರ ತುರ್ತಾಗಿ ಬೇಕಿತ್ತು.

ರಾಜ್ಯಲಾಂಛನ ಆಗುವ ಹೊತ್ತಿಗೆ ಇನ್ನೊಂದು ಪ್ರಸಂಗ ನಡೆಯಿತು. ಅಲೆಕ್ಸಾಂಡರ್ ಲಿಯೋ ಎಂಬ ಕಲಾವಿದ ತಯಾರಿಸಿದ ಕರಡಿನಲ್ಲಿ ಸುತ್ತಿಗೆ ಕುಡುಗೋಲಿನ ಜೊತೆಗೆ ಒಂದು ಕತ್ತಿಯೂ ಇತ್ತು, ಕಾಳಗದ ಕತ್ತಿ. ಲೆನಿನ್ನರ ಕಚೇರಿ ನೋಡಿಕೊಳ್ಳುತ್ತಿದ್ದ ಬೋಂಚ್-ಬ್ರುಯೇವಿಚ್ ನೆನಪಿಸಿಕೊಂಡಿರುವ ಪ್ರಕಾರ ಲೆನಿನ್ ಕತ್ತಿಯನ್ನು ಒಪ್ಪಲಿಲ್ಲ. ದೇಶ ಗೆಲ್ಲುವುದು ನಮ್ಮ ಕೆಲಸವಲ್ಲ, ಇದು ನಮ್ಮ ಗುರುತಾಗಬಾರದು ಎಂದು ಪೆನ್ಸಿಲಿನಿಂದ ಹೊಡೆದು ಹಾಕಿದರಂತೆ. ಶಿಲ್ಪಿ ನಿಕೊಲಾಯ್ ಆಂದ್ರೆಯೆವ್ ಅದನ್ನು ತಿದ್ದಿಕೊಟ್ಟರು. ಕತ್ತಿ ಹೋಯಿತು, ತೆನೆಗಳು ದಟ್ಟವಾದವು.

ಈಗ ನಾನು ನಿಮಗೆ ತೋರಿಸಲೇಬೇಕಾದ ಒಂದು ಕಾಗದವಿದೆ. 1918ರ ಜುಲೈ 10ರಂದು ಅಂಗೀಕಾರವಾದ ಸೋವಿಯತ್ ರಷ್ಯದ ಮೊದಲ ಸಂವಿಧಾನ. ಅದರ 89ನೆಯ ವಿಧಿಯಲ್ಲಿ ಲಾಂಛನದ ವರ್ಣನೆ ಬರುತ್ತದೆ: ಕೆಂಪು ನೆಲ, ಸೂರ್ಯನ ಕಿರಣ, ಹಿಡಿ ಕೆಳಗಾಗಿ ಅಡ್ಡಡ್ಡ ಇಟ್ಟ ಬಂಗಾರ ಬಣ್ಣದ ಕುಡುಗೋಲು ಸುತ್ತಿಗೆ, ಸುತ್ತ ತೆನೆಯ ಹಾರ. ಎರಡು ಉಪಕರಣ, ಎರಡಕ್ಕೂ ಸಮ ಅಳತೆ. ಅದೇ ಸಂವಿಧಾನದ 25ನೆಯ ವಿಧಿಗೆ ಹಿಂದೆ ತಿರುಗಿಸಿ. ಸೋವಿಯತ್ತುಗಳ ಮಹಾಸಭೆಗೆ ನಗರದ ಕಡೆಯಿಂದ 25,000 ಮತದಾರರಿಗೆ ಒಬ್ಬ ಪ್ರತಿನಿಧಿ. ಪ್ರಾಂತಗಳ ಕಡೆಯಿಂದ, ಅಂದರೆ ಹಳ್ಳಿಗಾಡಿನಿಂದ, 1,25,000 ನಿವಾಸಿಗಳಿಗೆ ಒಬ್ಬ. ಚಿತ್ರದಲ್ಲಿ ರೈತ ಕಾರ್ಮಿಕನಿಗೆ ಸರಿಸಮ, ಲೆಕ್ಕದ ಪುಸ್ತಕದಲ್ಲಿ ಅವನ ತೂಕ ಕಡಿಮೆ. ಈ ತಾರತಮ್ಯ 1936ರ ಸಂವಿಧಾನ ಬರುವವರೆಗೂ ಮುಂದುವರಿಯಿತು. ಅಷ್ಟು ಹೊತ್ತಿಗೆ ಚುನಾವಣೆಯೇ ಶಾಸ್ತ್ರಕ್ಕೆ ಎಂಬಂತಾಗಿತ್ತು.

1918ರ ಬೇಸಿಗೆಯಲ್ಲೇ ಪಟ್ಟಣದ ಕಾರ್ಮಿಕರ ಆಹಾರ ತುಕಡಿಗಳು ಬಂದೂಕು ಹಿಡಿದು ಹಳ್ಳಿಗಳಿಗೆ ಹೊರಟವು, ಧಾನ್ಯ ವಸೂಲಿಗೆ. ಪಟ್ಟಣಗಳು ಹಸಿದಿದ್ದವು, ಅದೂ ನಿಜ. ಆದರೆ ಪ್ಯಾರಿಸಿನಲ್ಲೋ ಬರ್ಲಿನ್ನಿನಲ್ಲೋ ಕುಳಿತು ಆ ಲಾಂಛನವನ್ನು ಮೆಚ್ಚಿದವರಿಗೆ, ಅದರೊಳಗಿನ ಸುತ್ತಿಗೆ ಕುಡುಗೋಲಿನ ಮನೆಬಾಗಿಲು ಒಡೆಯುತ್ತಿದೆ ಎಂದು ಕಾಣಲಿಲ್ಲ. ಇನ್ನೂ ಕ್ರೂರವಾದದ್ದು 1932ರ ಆಗಸ್ಟ್ 7ರ ಕಾನೂನು. ಸಾಮೂಹಿಕ ಕೃಷಿಕ್ಷೇತ್ರದ ಆಸ್ತಿ ಕದ್ದವರಿಗೆ ಗುಂಡಿನ ಶಿಕ್ಷೆ, ವಿನಾಯಿತಿ ಸಿಕ್ಕರೆ ಕನಿಷ್ಠ ಹತ್ತು ವರ್ಷ ಸೆರೆ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯ್ದವರೂ ಇದರ ಕೈಗೆ ಸಿಕ್ಕರು. ಜನ ಅದನ್ನು ತೆನೆಗಳ ಕಾನೂನು ಎಂದೇ ಕರೆದರು. ನಮ್ಮ ಕಡೆ ಹಕ್ಕಲು ಆಯುವುದು ಬಡವರ ಹಕ್ಕು ಎಂದು ಬೆಳೆದವರಿಗೆ ಇದನ್ನು ಓದಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಉಕ್ರೇನಿನಲ್ಲಿ, ಕಜಾಕಸ್ತಾನದಲ್ಲಿ, ವೋಲ್ಗಾ ಸೀಮೆಯಲ್ಲಿ ಹತ್ತಾರು ಲಕ್ಷ ಜನ ಹಸಿವಿನಿಂದ ಸತ್ತ ವರ್ಷಗಳವು. ಶಿಕ್ಷೆಯ ಆದೇಶಕ್ಕೆ ಒತ್ತಿದ ಸರ್ಕಾರಿ ಮೊಹರಿನಲ್ಲೂ ಸುತ್ತ ತೆನೆಯ ಹಾರವೇ.

ಐದು ವರ್ಷ ಕಳೆದ ಮೇಲೆ, 1937ರಲ್ಲಿ, ಪ್ಯಾರಿಸಿನ ವಿಶ್ವ ಪ್ರದರ್ಶನದಲ್ಲಿ ಸೋವಿಯತ್ ಮಂಟಪದ ಮೇಲೆ ವೇರಾ ಮುಖಿನಾ ಮಾಡಿದ ಉಕ್ಕಿನ ಮಹಾಶಿಲ್ಪ ಎದ್ದು ನಿಂತಿತು. ಸುಮಾರು 24 ಮೀಟರ್ ಎತ್ತರ. ಸುತ್ತಿಗೆ ಎತ್ತಿದ ಗಂಡಸು, ಕುಡುಗೋಲು ಎತ್ತಿದ ಹೆಂಗಸು, ಗಾಳಿಗೆ ಹಾರುವ ಸೆರಗು. ಎದುರಿಗೆ ಹಿಟ್ಲರನ ಜರ್ಮನಿಯ ಮಂಟಪ, ಅದರ ತುದಿಯಲ್ಲಿ ಹದ್ದು. ಕುಡುಗೋಲು ಹೆಂಗಸಿನ ಕೈಗೆ ಬಂದದ್ದು ಸುಮ್ಮನೆ ಅಲ್ಲ. ರಷ್ಯದ ಹಳ್ಳಿಯಲ್ಲಿ ಗಂಡಸರು ಉದ್ದ ಹಿಡಿಯ ದೊಡ್ಡ ಕೊಯ್ಲುಗತ್ತಿ ಬೀಸಿ ಹುಲ್ಲು ಕೊಯ್ದರೆ, ರೈ ಪೈರಿಗೆ ಬಗ್ಗಿ ಕುಡುಗೋಲು ಹಾಕುತ್ತಿದ್ದವರು ಹೆಂಗಸರು. ಫಿಲ್ಮ್ ಸೊಸೈಟಿಯ ಕಾಲದಲ್ಲಿ ಮಾಸ್‌ಫಿಲ್ಮ್ ಚಿತ್ರಗಳ ಶುರುವಿಗೆ ಈ ಜೋಡಿ ತಿರುಗುವುದನ್ನು ನೀವೂ ನೋಡಿರುತ್ತೀರಿ. ಶಿಲ್ಪವಾಗಿ ಅದು ಅದ್ಭುತ. ತೆನೆಗಳ ಕಾನೂನು ಗೊತ್ತಿದ್ದೂ ಹಾಗೆ ಅನ್ನುತ್ತೇನೆ.

ನನ್ನ ಅನಿಸಿಕೆ ಇಷ್ಟು: ಆ ದೇಶದಲ್ಲಿ ಈ ಚಿಹ್ನೆ ಯಾರ ಮನೆಯ ಬಾಗಿಲಿಗೂ ಹೋಗಿ ‘ನನ್ನನ್ನು ನೋಡಿಕೊಳ್ಳಿ’ ಎಂದು ಕೇಳಬೇಕಾಗಿ ಬರಲಿಲ್ಲ. ನಾಣ್ಯದಲ್ಲಿ ಅದು, ಪಾಸ್‌ಪೋರ್ಟಿನಲ್ಲಿ ಅದು, ಸೆರೆಮನೆಯ ಬಾಗಿಲಿನಲ್ಲೂ ಅದು. ಬೇಡ ಎನ್ನಲು ಜಾಗವೇ ಇರಲಿಲ್ಲ. 1991ರ ಡಿಸೆಂಬರ್ 25ರ ಸಂಜೆ ಕ್ರೆಮ್ಲಿನ್ ಮೇಲಿನ ಈ ಚಿಹ್ನೆಯ ಬಾವುಟ ಇಳಿಯಿತು. ಏರೋಫ್ಲೋಟ್ ವಿಮಾನ ಕಂಪನಿಯ ಲಾಂಛನದಲ್ಲಿ ಮಾತ್ರ ರೆಕ್ಕೆ ಹಚ್ಚಿಕೊಂಡು ಇನ್ನೂ ಹಾರುತ್ತಿದೆ.

ನಡುವೆ ಒಂದು ತಮಾಷೆ. ಆಸ್ಟ್ರಿಯ ದೇಶದ ಲಾಂಛನದ ಹದ್ದನ್ನು ನೋಡಿ: ಒಂದು ಪಂಜದಲ್ಲಿ ಕುಡುಗೋಲು, ಇನ್ನೊಂದರಲ್ಲಿ ಸುತ್ತಿಗೆ. ಆಸ್ಟ್ರಿಯ ಯಾವತ್ತೂ ಕಮ್ಯುನಿಸ್ಟ್ ದೇಶವಾಗಿರಲಿಲ್ಲ. 1919ರಲ್ಲಿ ಚಕ್ರವರ್ತಿಯನ್ನು ಕಳೆದುಕೊಂಡ ಮೇಲೆ ರೈತ, ಕಾರ್ಮಿಕ, ಪಟ್ಟಣದ ಮಧ್ಯಮ ವರ್ಗ ಮೂವರನ್ನೂ ಒಂದು ಹದ್ದಿನ ಮೇಲೆ ಕೂರಿಸಿದರು. ಪಟ್ಟಣಿಗರ ಪಾಲಿಗೆ ತಲೆಯ ಮೇಲಿನ ಕೋಟೆ ಕಿರೀಟ. 1945ರಲ್ಲಿ ಹಿಟ್ಲರನಿಂದ ಬಿಡುಗಡೆಯಾದದ್ದಕ್ಕೆ ಕಾಲಿಗೆ ಮುರಿದ ಸಂಕೋಲೆ ಸೇರಿತು. ಚೀನದ ರಾಷ್ಟ್ರಧ್ವಜದಲ್ಲಿ ಇದಕ್ಕೆ ತದ್ವಿರುದ್ಧ: 1949ರಲ್ಲಿ ಜೆಂಗ್ ಲಿಯಾನ್‌ಸಾಂಗ್ ಕಳಿಸಿದ ವಿನ್ಯಾಸದಲ್ಲಿ ದೊಡ್ಡ ನಕ್ಷತ್ರದೊಳಗೆ ಸುತ್ತಿಗೆ ಕುಡುಗೋಲು ಇತ್ತು, ರಷ್ಯದ ಬಾವುಟದಂತೆ ಕಾಣುತ್ತದೆಂದು ತೆಗೆದರು. ಉತ್ತರ ಕೊರಿಯದ ಪಕ್ಷ ನಡುವೆ ಒಂದು ಬರೆಯುವ ಕುಂಚ ಸೇರಿಸಿತು, ಓದುಬರಹದವರ ಪಾಲು ಅಂತ. ಪೂರ್ವ ಜರ್ಮನಿ ಕುಡುಗೋಲು ಬಿಟ್ಟು ಸುತ್ತಿಗೆಯ ಜೊತೆ ಕೈವಾರ ಇಟ್ಟಿತು. ಜಾಮೆಟ್ರಿ ಬಾಕ್ಸಿನ ಕೈವಾರವೊಂದು ರಾಷ್ಟ್ರಧ್ವಜ ಏರಿದ ಸುದ್ದಿ ಡ್ರಾಯಿಂಗ್ ಮೇಷ್ಟ್ರಿಗೆ ಇಷ್ಟವಾಗಬಹುದು.

ಇನ್ನು ನಮ್ಮ ಕಡೆಗೆ. 1923ರ ಮೇ 1ರಂದು ಮದರಾಸಿನ ಸಮುದ್ರ ದಂಡೆಯಲ್ಲಿ ಸಿಂಗಾರವೇಲು ಚೆಟ್ಟಿಯಾರ್ ನಮ್ಮ ದೇಶದ ಮೊದಲ ಮೇ ದಿನ ಆಚರಿಸಿದರು. ಕೆಂಬಾವುಟಕ್ಕೆ ಬಟ್ಟೆ ಸಿಗದೆ ಮಗಳ ಕೆಂಪು ಸೀರೆಯನ್ನೇ ಹರಿದರೆಂದು ಹೇಳುವುದುಂಟು. 1925ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ನಡೆದ ಕಮ್ಯುನಿಸ್ಟ್ ಸಮಾವೇಶಕ್ಕೂ ಅವರೇ ಅಧ್ಯಕ್ಷರು. ಕನ್ನಡದವರಿಗೆ ಈ ಬಾವುಟ ಹತ್ತಿರ ಬಂದದ್ದು ಮಂಗಳೂರಿನ ಹೆಂಚಿನ ಕಾರ್ಖಾನೆಗಳಿಂದ, ಬೀಡಿ ಕಟ್ಟುವ ಮನೆಗಳಿಂದ, ಕೆಜಿಎಫ್‌ನ ಚಿನ್ನದ ಗಣಿಯಿಂದ. ಮತ್ತೆ ಕಯ್ಯೂರಿನಿಂದ. ಆಗ ಅದು ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನ ಹಳ್ಳಿ. 1941ರ ಮಾರ್ಚಿನಲ್ಲಿ ಅಲ್ಲಿನ ರೈತರ ಮೆರವಣಿಗೆಯ ಹೊತ್ತಿಗೆ ಒಬ್ಬ ಪೊಲೀಸ್ ಪೇದೆ ಹೊಳೆಗೆ ಬಿದ್ದು ಸತ್ತ. ಆ ಮೊಕದ್ದಮೆಯಲ್ಲಿ ನಾಲ್ವರು ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನೀಲೇಶ್ವರದಲ್ಲಿ ಹೈಸ್ಕೂಲು ಓದಿದ್ದ ನಿರಂಜನ ಅವರ ಕತೆಯನ್ನು 1955ರ ‘ಚಿರಸ್ಮರಣೆ’ಯಲ್ಲಿ ಬರೆದರು. ಕನ್ನಡದ ಈ ಕಾದಂಬರಿ ಮಲಯಾಳಕ್ಕೆ ಹೋಗಿ ಅಲ್ಲಿಯವರದೇ ಆಗಿಬಿಟ್ಟಿತು. 1930ರ ದಶಕದಲ್ಲಿ, ಅದೇ ಗುರುತಿನಡಿ, ತೆನೆ ಆಯ್ದವರು ಸೈಬೀರಿಯಕ್ಕೆ ಹೋದದ್ದನ್ನು ಕಯ್ಯೂರಿನ ಹುಡುಗರು ಕೇಳಿರಲೂ ಇಲ್ಲ. ಅವರಿಗೆ ಕುಡುಗೋಲೆಂದರೆ ಗೇಣಿ ವಸೂಲಿ ಮಾಡುವ ಜನ್ಮಿಯ ಎದುರು ನಿಲ್ಲುವ ಧೈರ್ಯ. ಎರಡೂ ನಿಜ ಮೇಷ್ಟ್ರೇ. ಒಂದನ್ನು ಹೇಳಿ ಇನ್ನೊಂದನ್ನು ಅಳಿಸಲು ನನಗೆ ಮನಸ್ಸು ಬಾರದು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿ ಈ ಚಿಹ್ನೆಗೆ ಆದದ್ದು ರಷ್ಯದಲ್ಲಿ ಆಗಲೇ ಇಲ್ಲ. ತೆಲಂಗಾಣದ ಸಶಸ್ತ್ರ ಹೋರಾಟವನ್ನು ಪಕ್ಷ ಹಿಂತೆಗೆದುಕೊಂಡದ್ದು 1951ರ ಅಕ್ಟೋಬರಿನಲ್ಲಿ. ಅದೇ ತಿಂಗಳು ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಶುರುವಾಯಿತು. ಸುಕುಮಾರ್ ಸೇನ್ ಚುನಾವಣಾ ಆಯುಕ್ತರು, ಮತದಾರರು 17 ಕೋಟಿಗೂ ಮೇಲೆ, ಬಹುಪಾಲು ಜನಕ್ಕೆ ಓದು ಬಾರದು. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಮತಚೀಟಿಗೆ ಮುದ್ರೆ ಒತ್ತುವ ಪಾಡಿಲ್ಲ, ನಿಮ್ಮ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಕಮ್ಯುನಿಸ್ಟ್ ಪಕ್ಷಕ್ಕೆ ತೆನೆ ಮತ್ತು ಕುಡುಗೋಲು. ಲೋಕಸಭೆಯಲ್ಲಿ 16 ಸ್ಥಾನ ಗೆದ್ದು ಅದು ಕಾಂಗ್ರೆಸ್ ಬಿಟ್ಟರೆ ದೊಡ್ಡ ಪಕ್ಷವಾಯಿತು. ನಮ್ಮ ಬಿ.ವಿ. ಕಕ್ಕಿಲ್ಲಾಯರು 1952ರಲ್ಲಿ ರಾಜ್ಯಸಭೆಗೆ ಹೋದರು. ಮುಂದೆ 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ವಿಧಾನಸಭೆಗೆ ಗೆದ್ದರು. ಗೇಣಿದಾರರ ಕಾನೂನಿನ ಕಾಲ ಅದು.

ಯೋಚಿಸಿ ನೋಡಿ, ಮಾಸ್ಕೋದಲ್ಲಿ ಮನೆಮನೆಯ ಮೇಲೆ ಹುಕುಂ ನಡೆಸುತ್ತಿದ್ದ ಕುಡುಗೋಲು ಇಲ್ಲಿ ಗೋಡೆಯ ಯಜಮಾನನ ಹತ್ತಿರ ‘ಸ್ವಲ್ಪ ಜಾಗ ಕೊಡಿ ಸ್ವಾಮಿ’ ಎಂದು ಕೇಳಬೇಕಾಯಿತು. ಪಕ್ಕದ ಗೋಡೆಯಲ್ಲಿ ಎತ್ತು, ಆಚೆ ಗೋಡೆಯಲ್ಲಿ ದೀಪ. ಸೋತರೆ ಠೇವಣಿ ಹೋಗುತ್ತದೆ, ಮಳೆ ಬಂದರೆ ಬಣ್ಣವೂ ಹೋಗುತ್ತದೆ. ಇದರಿಂದ ಅದರ ಘನತೆ ತಗ್ಗಿತೆಂದು ಕೆಲವು ಹಳೆಯ ಕಾಮ್ರೇಡುಗಳು ಕೊರಗಿದ್ದುಂಟು. ನನಗೆ ಹಾಗೆ ಅನಿಸುವುದಿಲ್ಲ. ಓಟು ಕೇಳಲು ಬಗ್ಗಿದ್ದೇ ಆ ಕುಡುಗೋಲಿಗೆ ಭಾರತದಲ್ಲಿ ಬಂದ ಮರ್ಯಾದೆ.

ಬಗ್ಗಿದ್ದು ಎರಡೂ ಕಡೆಯಿಂದ ಪರೀಕ್ಷೆಗೆ ಬಿತ್ತು. 1957ರ ಏಪ್ರಿಲ್ 5ರಂದು ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಬಂತು, ಓಟಿನಿಂದ ಗೆದ್ದೇ ಬಂತು. 1959ರ ಜುಲೈ 31ರಂದು ದೆಹಲಿ ಅದನ್ನು ವಜಾ ಮಾಡಿತು. ಆಗ ಪ್ರಜಾಪ್ರಭುತ್ವದ ಮಾತು ತಪ್ಪಿದವರು ಕಮ್ಯುನಿಸ್ಟರಲ್ಲ. ಬಂಗಾಳದಲ್ಲಿ ಕತೆ ತಿರುವುಮುರುವಾಯಿತು. 1977ರಿಂದ ಮೂವತ್ತನಾಲ್ಕು ವರ್ಷ ಆಳಿದ ಎಡರಂಗ 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ ಜಮೀನು ಬಿಡೆವೆಂದ ರೈತರ ಮೇಲೆ ಪೊಲೀಸರನ್ನು ನುಗ್ಗಿಸಿತು. ಗುಂಡಿಗೆ 14 ಜನ ಸತ್ತರು. ಕುಡುಗೋಲಿನ ಹೆಸರಿನ ಸರ್ಕಾರ, ಕುಡುಗೋಲು ಹಿಡಿದವರ ಎದುರಿಗೆ. 1932ರ ಉಕ್ರೇನಿನ ಹಳ್ಳಿಯವನಿಗೆ ಇಲ್ಲದ ಒಂದು ಸೌಲಭ್ಯ ನಂದಿಗ್ರಾಮದವನಿಗೆ ಇತ್ತು. 2011ರಲ್ಲಿ ಅವನು ಬೂತಿಗೆ ಹೋಗಿ ಬೇರೆ ಗುಂಡಿ ಒತ್ತಿದ.

ನಕ್ಷತ್ರದ ವಿಷಯ ಹೇಳಲೇ ಇಲ್ಲ. 1964ರಲ್ಲಿ ಪಕ್ಷ ಒಡೆಯಿತು. ಚೀನ ರಷ್ಯಗಳ ಜಗಳ, 1962ರ ಯುದ್ಧ, ಕಾಂಗ್ರೆಸ್ಸಿನ ಜೊತೆ ಎಷ್ಟು ದೂರ ಎಷ್ಟು ಹತ್ತಿರ ಎಂಬ ತಕರಾರು; ಅದರೊಳಗೆ ಹೋದರೆ ಕಾಗದ ಸಾಲದು. ತೆನೆ ಕುಡುಗೋಲು ಸಿಪಿಐ ಬಳಿ ಉಳಿಯಿತು. ಹೊಸ ಸಿಪಿಎಂ ಸುತ್ತಿಗೆ, ಕುಡುಗೋಲು, ನಕ್ಷತ್ರದ ಗುರುತು ಪಡೆಯಿತು. ಬಾವುಟ ಬೇರೆ, ಮತಯಂತ್ರದ ಗುರುತು ಬೇರೆ ಎಂಬುದನ್ನು ಮೊಮ್ಮಗಳಿಗೆ ಹೇಳಿ: ಸಿಪಿಎಂ ಬಾವುಟದಲ್ಲಿ ನಕ್ಷತ್ರ ಇಲ್ಲ, ಕೆಂಪು ಬಟ್ಟೆಯ ನಡುವೆ ಬಿಳಿಯ ಸುತ್ತಿಗೆ ಕುಡುಗೋಲು ಮಾತ್ರ, ಉದ್ದ ಅಗಲದ ಒಂದೂವರೆ ಪಟ್ಟು. ಐದು ಮೂಲೆಯ ನಕ್ಷತ್ರಕ್ಕೆ ದುಡಿಯುವ ಕೈಯ ಐದು ಬೆರಳು, ಐದು ಖಂಡ ಎಂದೆಲ್ಲ ವಿವರಣೆ ಕೊಡುತ್ತಾರೆ. ನನ್ನ ಪ್ರಕಾರ ಅವೆಲ್ಲ ಆಮೇಲೆ ಹುಟ್ಟಿದ ವ್ಯಾಖ್ಯಾನ. ಸಿಪಿಐ (ಎಂಎಲ್) ಲಿಬರೇಷನ್ ಪಕ್ಷದ ಗುರುತು ಮೂರು ನಕ್ಷತ್ರದ ಬಾವುಟ. ನೇತಾಜಿ ಕಟ್ಟಿದ ಫಾರ್ವರ್ಡ್ ಬ್ಲಾಕ್ ತನ್ನ ಬಾವುಟದಲ್ಲಿ ನೆಗೆಯುವ ಹುಲಿಯ ಜೊತೆಗಿದ್ದ ಸುತ್ತಿಗೆ ಕುಡುಗೋಲನ್ನು 2022ರಲ್ಲಿ ಕೈಬಿಟ್ಟಿತು. ಫ್ರಾನ್ಸಿನ ಕಮ್ಯುನಿಸ್ಟ್ ಪಕ್ಷ 2013ರಲ್ಲಿ ಸದಸ್ಯತ್ವದ ಕಾರ್ಡಿನಿಂದ ತೆಗೆದಿತ್ತು.

ನಮ್ಮಲ್ಲಿ ತೆನೆಯ ಕಡೆಯಿಂದ ಇನ್ನೊಂದು ಗೊಂದಲ. ಕರ್ನಾಟಕದ ಹಳ್ಳಿಯಲ್ಲಿ ನಿಂತು ‘ತೆನೆಗೆ ಓಟು ಹಾಕಿ’ ಎಂದರೆ ಅದು ದೇವೇಗೌಡರ ಪಕ್ಷದ ಲೆಕ್ಕಕ್ಕೆ ಹೋಗುತ್ತದೆ, ತೆನೆ ಹೊತ್ತ ಮಹಿಳೆಗೆ. ಸಿಪಿಐ ಅಭ್ಯರ್ಥಿ ಭಾಷಣದಲ್ಲಿ ಕುಡುಗೋಲನ್ನು ಮೊದಲು ಹೇಳದಿದ್ದರೆ ಕೆಟ್ಟ ಹಾಗೆ. ಸುತ್ತಿಗೆ ಕುಡುಗೋಲು ನಕ್ಷತ್ರ ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಟ್ಟ ಜಾಗವೆಂದರೆ ಬಾಗೇಪಲ್ಲಿ. ಕಾರ್ಖಾನೆ ಇಲ್ಲದ, ನೀರೂ ಇಲ್ಲದ, ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಅಲ್ಲಿಂದ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲೂ 2004ರಲ್ಲೂ ಗೆದ್ದರು. ಆ ಕಡೆ ಸುತ್ತಿಗೆಗಿಂತ ಕುಡುಗೋಲಿಗೇ ಓಟು ಬಿದ್ದಿರಬೇಕು.

ಇದನ್ನು ನಿಷೇಧಿಸಿದ ದೇಶಗಳ ಬಗ್ಗೆಯೂ ನೀವು ಅಂಚಿನಲ್ಲಿ ಏನೋ ಕೇಳಿದ್ದೀರಿ, ಅರ್ಧ ಓದಲಾಯಿತು. ಉಕ್ರೇನ್ 2015ರಲ್ಲಿ ನಿಷೇಧಿಸಿತು. ಕೀವ್ ನಗರದ ಮಾತೃಭೂಮಿ ಪ್ರತಿಮೆಯ ಗುರಾಣಿಯಲ್ಲಿದ್ದ ಸೋವಿಯತ್ ಲಾಂಛನವನ್ನು 2023ರ ಆಗಸ್ಟಿನಲ್ಲಿ ಕಿತ್ತು ತ್ರಿಶೂಲ ಕೂರಿಸಿದರು. ತೆನೆಗಳ ಕಾನೂನು ಕಂಡ ನಾಡಿಗೆ ಬುದ್ಧಿ ಹೇಳಲು ನಾವು ಯಾರು? ಇಂಡೊನೇಷ್ಯದ್ದು ಬೇರೆ. ಅಲ್ಲಿ 1965-66ರಲ್ಲಿ ಕೊಲೆಯಾದವರೇ ಕಮ್ಯುನಿಸ್ಟರು ಮತ್ತು ಹಾಗೆಂದು ಅನುಮಾನಕ್ಕೆ ಬಿದ್ದವರು, ಕನಿಷ್ಠ ಐದು ಲಕ್ಷ ಎಂದು ಅಂದಾಜು. ಆ ಹತ್ಯಾಕಾಂಡದ ಹಿಂದೆಯೇ ಬಂದ ನಿಷೇಧ ಇನ್ನೂ ಜಾರಿಯಲ್ಲಿದೆ, ಟೀ ಶರ್ಟಿನ ಮೇಲೆ ಈ ಚಿತ್ರ ಇದ್ದರೂ ಪೊಲೀಸರು ಹಿಡಿದದ್ದುಂಟು. ಹಂಗೇರಿಯಲ್ಲಿ ಆಟಿಲಾ ವೈನಾಯಿ ಎಂಬ ಎಡಪಕ್ಷದ ನಾಯಕ 2003ರಲ್ಲಿ ಬುಡಾಪೆಸ್ಟಿನ ಸಭೆಯೊಂದರಲ್ಲಿ ಕೋಟಿಗೆ ಕೆಂಪು ನಕ್ಷತ್ರ ಸಿಕ್ಕಿಸಿಕೊಂಡದ್ದಕ್ಕೆ ಅಪರಾಧಿಯಾದರು. 2008ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು: ಆ ನಕ್ಷತ್ರಕ್ಕೆ ಒಂದೇ ಅರ್ಥವಿಲ್ಲ, ಸರ್ವಾಧಿಕಾರದ ನೆನಪಿನ ಜೊತೆಗೆ ನ್ಯಾಯಕ್ಕಾಗಿ ದುಡಿದ ಕಾರ್ಮಿಕ ಚಳವಳಿಯ ನೆನಪೂ ಅದರಲ್ಲಿದೆ, ಧರಿಸಿದವನ ಉದ್ದೇಶ ನೋಡದೆ ಶಿಕ್ಷಿಸಲಾಗದು ಎಂಬುದು ಅದರ ಸಾರ. ಆ ನ್ಯಾಯಾಧೀಶರು ಕಯ್ಯೂರಿನ ಹೆಸರು ಕೇಳಿರಲಾರರು, ಆದರೂ ನನಗೆ ಅದನ್ನು ಓದಿದಾಗ ಕಯ್ಯೂರೇ ನೆನಪಾಯಿತು.

ಓಟು ಕೇಳುವ ಚಿಹ್ನೆಗೆ ಓಟು ಸಿಗದಿದ್ದರೆ ಏನಾಗುತ್ತದೆ ಎಂಬುದೂ ನಮ್ಮಲ್ಲಿ ನಡೆಯುತ್ತಿದೆ. ಚಿಹ್ನೆಗಳ ಆದೇಶ 1968ರದು. ಒಂದಿಷ್ಟು ಶೇಕಡಾವಾರು ಮತ, ಒಂದಿಷ್ಟು ಸ್ಥಾನ, ಇಲ್ಲವೇ ನಾಲ್ಕು ರಾಜ್ಯಗಳಲ್ಲಿ ಮಾನ್ಯತೆ ಇದ್ದರೆ ರಾಷ್ಟ್ರೀಯ ಪಕ್ಷ. ಇಲ್ಲದಿದ್ದರೆ ದೇಶದುದ್ದಕ್ಕೂ ಗುರುತು ಕಾಯ್ದಿಡುವ ಖಾತರಿ ಹೋಗುತ್ತದೆ. 2023ರ ಏಪ್ರಿಲಿನಲ್ಲಿ ಸಿಪಿಐ ರಾಷ್ಟ್ರೀಯ ಮಾನ್ಯತೆ ಕಳೆದುಕೊಂಡಿತು. ಎತ್ತು ಹೋಗಿ ಹಸು ಕರು ಬಂದು ಅದೂ ಹೋಗಿ ಕೈ ಬಂದ ಕಾಂಗ್ರೆಸ್ಸಿನ ಪಕ್ಕದಲ್ಲಿ, ಮೊದಲ ಚುನಾವಣೆಯಿಂದ ಒಂದೇ ಗುರುತಿಗೆ ಅಂಟಿಕೊಂಡ ಪಕ್ಷ ಅದು. 2024ರ ಲೋಕಸಭಾ ಚುನಾವಣೆಗೆ ಮುಂಚೆ ಕೇರಳದ ಸಿಪಿಎಂ ನಾಯಕ ಎ.ಕೆ. ಬಾಲನ್ ತಮ್ಮ ಕಾರ್ಯಕರ್ತರಿಗೆ ಎಚ್ಚರಿಕೆ ಕೊಟ್ಟರು: ಹುಷಾರಾಗಿ ದುಡಿಯದಿದ್ದರೆ ಮುಂದೆ ಚಿಪ್ಪುಹಂದಿಯೋ ಆಕ್ಟೋಪಸ್ಸೋ ಯಾವುದಾದರೂ ಗುರುತಿನಲ್ಲಿ ನಿಲ್ಲಬೇಕಾದೀತು ಎಂದು. ಇಡೀ ಕೇರಳ ನಕ್ಕಿತು. ಲೆನಿನ್ ಕತ್ತಿ ಹೊಡೆದು ಹಾಕಿದ ಚಿತ್ರ, ಮುಖಿನಾ ಉಕ್ಕಿನಲ್ಲಿ ಎತ್ತಿದ ಚಿತ್ರ, ಚಿಪ್ಪುಹಂದಿಯ ಭಯದಲ್ಲಿ ಬಾಳುವಂತಾಯಿತಲ್ಲ ಎಂದು ಬೇಸರಪಡಬೇಡಿ. ಜನರಿಗೆ ಹೆದರುವ ಲಾಂಛನ ಜನರನ್ನು ಹೆದರಿಸುವುದಕ್ಕಿಂತ ಮೇಲು.

ಇನ್ನೊಂದು ಸಹಾಯ ಬೇಕು. ನಿಮ್ಮ ಊರಿನ ಆ ಗೋಡೆ ಬರೆದವರು ಬದುಕಿದ್ದರೆ ಒಮ್ಮೆ ಮಾತಾಡಿಸಿ. ತಗಡಿನ ಅಚ್ಚು ಇಟ್ಟುಕೊಂಡು ಬರೆಯುತ್ತಿದ್ದರೋ, ಕೈಯಲ್ಲೇ ಎಳೆಯುತ್ತಿದ್ದರೋ? ಮೊದಲು ಕುಡುಗೋಲೋ, ಸುತ್ತಿಗೆಯೋ? ಒಂದೇ ವಾರದಲ್ಲಿ ಎದುರು ಪಕ್ಷದ ಗುರುತನ್ನೂ ಅವರೇ ಬರೆದಿರುತ್ತಾರೆ, ಅದಕ್ಕೆ ಎಷ್ಟು ಕೂಲಿ ಬಂತು, ಇದಕ್ಕೆ ಎಷ್ಟು ಬಂತು, ಅಥವಾ ಇದಕ್ಕೆ ಕೂಲಿಯೇ ಬರಲಿಲ್ಲವೋ, ಎಲ್ಲ ಕೇಳಿ ಬರೆಯಿರಿ. ಮೊಮ್ಮಗಳನ್ನೂ ಕರೆದುಕೊಂಡು ಹೋಗಿ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ,
ಹಳೇ ಗೆಳೆಯ